ಮಾರ್ಗರೆಟ್ ಹ್ಯಾಮಿಲ್ಟನ್: ಹಸಿರು ಮಾಟಗಾತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ದ ವಿಜರ್ಡ್ ಆಫ್ ಆಜ್’ ನೋಡಿದ ಹೆಚ್ಚಿನವರಿಗೆ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಹೆಸರು ನೆನಪಿರುವುದಿಲ್ಲ. 1939ರ ಆ ಹಾಲಿವುಡ್ ಚಿತ್ರದಲ್ಲಿ, ಬಿರುಗಾಳಿಗೆ ಸಿಕ್ಕಿ ಆಜ್ ಎಂಬ ಮಾಯಾಲೋಕ ಸೇರಿದ ಡೊರೊತಿ ಎಂಬ ಹುಡುಗಿಯನ್ನು ಕಾಡುವ ಪಶ್ಚಿಮದ ಮಾಟಗಾತಿ ಇವರೇ. ಮೂಗು, ಗದ್ದ, ನಗು ಈ ಮೂರು ಮಾತ್ರ ನೆನಪಿರುತ್ತವೆ. ಆ ಚಿತ್ರವನ್ನು ಮಕ್ಕಳಿಗೆ ತೋರಿಸಿ ಪೇಚಿಗೆ ಸಿಕ್ಕ ತಂದೆತಾಯಿಗಳೂ ಹಳೆಯ ಹಾಲಿವುಡ್ ಚಿತ್ರಗಳ ಗೀಳು ಹಚ್ಚಿಕೊಂಡವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು, ಕೆಲವನ್ನು ಸಾವಧಾನವಾಗಿ ಕುಳಿತು ಹೇಳಬೇಕು.

ಯಾರು ಈ ಮಾರ್ಗರೆಟ್ ಹ್ಯಾಮಿಲ್ಟನ್?

ಅಮೆರಿಕದ ರಂಗಭೂಮಿ, ಸಿನಿಮಾ ಮತ್ತು ಟೆಲಿವಿಷನ್ನಿನ ಪೋಷಕ ನಟಿ. ಹುಟ್ಟಿದ್ದು 1902ರ ಡಿಸೆಂಬರ್ 9ರಂದು, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ತೀರಿಕೊಂಡಿದ್ದು 1985ರ ಮೇ 16ರಂದು, ಕನೆಕ್ಟಿಕಟ್‌ನ ಸಾಲಿಸ್‌ಬರಿಯಲ್ಲಿ. ಸುಮಾರು ಐವತ್ತು ವರ್ಷ ಕ್ಯಾಮೆರಾ ಮುಂದೆ ನಿಂತರೂ ನಾಯಕಿಯ ಪಟ್ಟ ಅವರ ಹತ್ತಿರ ಸುಳಿಯಲಿಲ್ಲ. ಸಿಡುಕು ಮೋರೆಯ ಮನೆಗೆಲಸದಾಕೆ, ಊರ ಉಸಾಬರಿಯೆಲ್ಲ ತಲೆಗೆ ಹಚ್ಚಿಕೊಂಡ ಹೆಂಗಸು, ನಾಯಕ ನಾಯಕಿಯರನ್ನು ಕಂಡರಾಗದ ನೆರೆಮನೆಯಾಕೆ ಇಂಥ ಪಾತ್ರಗಳಿಗೆ ನಿರ್ಮಾಪಕರು ಅವರ ಮನೆಯ ಬಾಗಿಲು ತಟ್ಟುತ್ತಿದ್ದರು.

ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ಯಾನದ ಸಾಫ್ಟ್‌ವೇರ್ ಬರೆದವರೂ ಇವರೇ ಅಲ್ಲವೇ?

ಅಲ್ಲ. ಆಳೆತ್ತರದ ಕಾಗದದ ರಾಶಿಯ ಪಕ್ಕದಲ್ಲಿ ನಗುತ್ತ ನಿಂತಿರುವ ಕನ್ನಡಕದ ಯುವತಿಯ ಫೋಟೊ ನೀವು ನೋಡಿರಬಹುದು. ಅವರು 1936ರಲ್ಲಿ ಹುಟ್ಟಿದ ಇನ್ನೊಬ್ಬ ಮಾರ್ಗರೆಟ್ ಹ್ಯಾಮಿಲ್ಟನ್, ಎಂಐಟಿಯಲ್ಲಿ ಅಪೊಲೊ ನೌಕೆಯ ಸಾಫ್ಟ್‌ವೇರ್ ತಂಡವನ್ನು ಮುನ್ನಡೆಸಿದವರು. ಇಬ್ಬರಿಗೂ ಹೆಸರೊಂದೇ ಸಮಾನ. ಆದರೂ ಅಂತರ್ಜಾಲದಲ್ಲಿ ಒಬ್ಬರ ಜೀವನಚರಿತ್ರೆಗೆ ಇನ್ನೊಬ್ಬರ ಫೋಟೊ ಅಂಟಿಸುವ ಪುಣ್ಯಾತ್ಮರು ಇದ್ದೇ ಇದ್ದಾರೆ.

ನಟಿಯಾಗುವ ಮೊದಲು ಏನು ಮಾಡುತ್ತಿದ್ದರು?

ಶಿಶುವಿಹಾರದ ಟೀಚರ್ ಆಗಿದ್ದರು. ತಮಾಷೆಗೆ ಹೇಳುತ್ತಿಲ್ಲ. ಬಾಸ್ಟನ್ನಿನ ವೀಲಾಕ್ ಸಂಸ್ಥೆಯಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಪಡೆದು, ಊರಿಗೆ ಮರಳಿ ಮಕ್ಕಳಿಗೆ ಪಾಠ ಹೇಳಿದರು. ಜೊತೆಜೊತೆಗೆ ರಂಗಭೂಮಿಯ ಸೆಳೆತವೂ ಇತ್ತು. ಕ್ಲೀವ್‌ಲ್ಯಾಂಡ್ ಪ್ಲೇ ಹೌಸ್‌ನಲ್ಲಿ ಕೆಲವು ವರ್ಷ ಪಳಗಿ ಅಲ್ಲಿಂದ ನ್ಯೂಯಾರ್ಕಿಗೆ ಹೋದರು.

ಈ ವಿವರವನ್ನು ನಾನು ಅವರ ಬದುಕಿನ ಮುಖ್ಯ ಸಂಗತಿ ಎಂದು ಎಣಿಸುತ್ತೇನೆ. ಮುಂದೆ ಜಗತ್ತಿನ ಕೋಟ್ಯಂತರ ಮಕ್ಕಳನ್ನು ಹೆದರಿಸಿದ ಹೆಂಗಸಿಗೆ ನಾಲ್ಕು ವರ್ಷದ ಮಗು ಏನನ್ನು ನಂಬುತ್ತದೆ, ಯಾವುದಕ್ಕೆ ಬೆಚ್ಚುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆ ಕೊನೆಯವರೆಗೂ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಸಿನಿಮಾಕ್ಕೆ ಬಂದದ್ದು ಹೇಗೆ? ಮೊದಲಿನಿಂದಲೂ ಕೆಟ್ಟ ಪಾತ್ರಗಳೇ ಸಿಕ್ಕವೇ?

1932ರಲ್ಲಿ ನ್ಯೂಯಾರ್ಕಿನ ನಾಟಕಕೇರಿಯಾದ ಬ್ರಾಡ್‌ವೇಯಲ್ಲಿ ‘ಅನದರ್ ಲ್ಯಾಂಗ್ವೇಜ್’ ನಾಟಕದಲ್ಲಿ ಪಾತ್ರ ಸಿಕ್ಕಿತು. ಮರುವರ್ಷ ಎಂಜಿಎಂ ಸ್ಟುಡಿಯೋ ಆ ನಾಟಕವನ್ನು ಸಿನಿಮಾ ಮಾಡಿದಾಗ ಅದರಲ್ಲೂ ಅವರೇ ನಟಿಸಿದರು. ಅಲ್ಲಿಂದಾಚೆಗೆ ಚೂಪು ಮೂಗು, ಮುಂಚಾಚಿದ ಗದ್ದ ಮತ್ತು ಮರ ಕೊಯ್ಯುವಂಥ ದನಿಯೇ ಅವರ ಬಂಡವಾಳವಾದವು. ಎಲ್ಲ ಪಾತ್ರಗಳೂ ದುಷ್ಟ ಪಾತ್ರಗಳಲ್ಲ. ಆದರೆ ತೆರೆಯ ಮೇಲೆ ಅವರು ಕಾಣಿಸಿಕೊಂಡ ಕೂಡಲೇ ‘ಈಕೆ ಏನೋ ಕೊಂಕು ತೆಗೆಯುತ್ತಾಳೆ’ ಎಂದು ಪ್ರೇಕ್ಷಕನಿಗೆ ಅನ್ನಿಸಿಬಿಡುತ್ತಿತ್ತು. 1937ರ ‘ನಥಿಂಗ್ ಸೇಕ್ರೆಡ್’ ಚಿತ್ರದಲ್ಲಿ ಹಳ್ಳಿಯ ಔಷಧದಂಗಡಿಯಾಕೆಯಾಗಿ ನ್ಯೂಯಾರ್ಕಿನಿಂದ ಬಂದ ಪತ್ರಕರ್ತನಿಗೆ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾರೆ. ಅಷ್ಟರಲ್ಲೇ ಇಡೀ ಊರಿನ ಸ್ವಭಾವ ನಮಗೆ ಗೊತ್ತಾಗಿಬಿಡುತ್ತದೆ.

ಯಾವ ಸ್ಟುಡಿಯೋದ ಕಾಯಂ ಕರಾರಿಗೂ ಅವರು ಸಹಿ ಹಾಕಲಿಲ್ಲ. ವಾರಕ್ಕೆ 1,000 ಡಾಲರ್ ಎಂದು ತಮ್ಮ ದರವನ್ನು ತಾವೇ ಗೊತ್ತುಮಾಡಿಕೊಂಡಿದ್ದರು. ಪೋಷಕ ಪಾತ್ರದವರಿಗೆ ಒಂದು ಚಿತ್ರದಲ್ಲಿ ಕೆಲವೇ ದಿನಗಳ ಕೆಲಸ. ಆದ್ದರಿಂದ ದರ ದೊಡ್ಡದಾಗಿ ಕಂಡರೂ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಬೇರೆಯೇ ಲೆಕ್ಕ. 1938ರಲ್ಲಿ ವಿಚ್ಛೇದನವಾಯಿತು. ಇನ್ನೂ ಮೂರು ತುಂಬದ ಮಗನನ್ನು ಒಬ್ಬರೇ ಸಾಕಬೇಕಿತ್ತು. ಅವರ ಪಾತ್ರಗಳ ಪಟ್ಟಿ ಅಷ್ಟು ಉದ್ದ ಇರುವುದಕ್ಕೆ, ಅದರಲ್ಲಿ ಕೆಲವು ತೀರಾ ಸಾಧಾರಣ ಚಿತ್ರಗಳೂ ಇರುವುದಕ್ಕೆ ಇದು ಒಂದು ಕಾರಣ.

ಮಾಟಗಾತಿಯ ಪಾತ್ರ ಅವರಿಗಾಗಿಯೇ ಬರೆದದ್ದೇ?

ಇಲ್ಲ. ಮೊದಲು ಆಯ್ಕೆಯಾಗಿದ್ದವರು ಗೇಲ್ ಸೊಂಡರ್‌ಗಾರ್ಡ್. ಪೋಷಕ ನಟಿಗೆಂದು ಆಸ್ಕರ್ ಕೊಡಲು ಶುರು ಮಾಡಿದಾಗ ಮೊಟ್ಟಮೊದಲು ಅದನ್ನು ಗೆದ್ದವರು ಅವರೇ. ಡಿಸ್ನಿಯ ‘ಸ್ನೋ ವೈಟ್’ನ ಕೆಟ್ಟ ರಾಣಿ ಆಗ ಎಲ್ಲರ ಬಾಯಲ್ಲೂ ಇದ್ದಳು. ಅವಳ ಹಾಗೆಯೇ ಮಿರುಗುವ ಉಡುಪಿನ ಸುಂದರ ಮಾಟಗಾತಿ ಬೇಕೆಂದು ನಿರ್ಮಾಪಕ ಮರ್ವಿನ್ ಲೆರಾಯ್ ಮೊದಲು ಯೋಚಿಸಿದ್ದರು. ಆಮೇಲೆ, ಮಕ್ಕಳ ಕಥೆಯ ಮಾಟಗಾತಿ ಕುರೂಪಿಯಾಗಿಯೇ ಇರಬೇಕೆಂದು ಮನಸ್ಸು ಬದಲಾಯಿತು. ಸೊಂಡರ್‌ಗಾರ್ಡ್ ಹಿಂದೆ ಸರಿದರು. ಚಿತ್ರೀಕರಣಕ್ಕೆ ಇನ್ನು ಕೆಲವೇ ದಿನಗಳಿರುವಾಗ, 1938ರ ಅಕ್ಟೋಬರ್‌ನಲ್ಲಿ, ಹ್ಯಾಮಿಲ್ಟನ್ ಅವರಿಗೆ ಕರೆ ಬಂತು.

ಆ ಕರೆಯ ಕಥೆಯನ್ನು ಅವರು ಜೀವನವಿಡೀ ಖುಷಿಯಿಂದ ಹೇಳುತ್ತಿದ್ದರು. ನಾಲ್ಕನೆಯ ವಯಸ್ಸಿನಿಂದಲೇ ಚಿತ್ರದ ಮೂಲವಾದ ಮಕ್ಕಳ ಪುಸ್ತಕ ಅವರಿಗೆ ಅಚ್ಚುಮೆಚ್ಚು. ಆಜ್ ಚಿತ್ರಕ್ಕೆ ನಿಮ್ಮನ್ನು ಕೇಳುತ್ತಿದ್ದಾರೆ ಎಂದು ಏಜೆಂಟ್ ಹೇಳಿದಾಗ ಹಿರಿಹಿರಿ ಹಿಗ್ಗಿ, ಯಾವ ಪಾತ್ರಕ್ಕೆ ಎಂದು ಕೇಳಿದರಂತೆ. ಮಾಟಗಾತಿಯದ್ದೇ, ಇನ್ಯಾವುದು ಎಂದನಂತೆ ಆತ.

ಮುಖ ಹಸಿರಾಗಿದ್ದು ಪುಸ್ತಕದಲ್ಲೂ ಹಾಗೆಯೇ ಇದ್ದುದರಿಂದಲೇ?

1900ರಲ್ಲಿ ಬಂದ ಎಲ್. ಫ್ರಾಂಕ್ ಬಾಮ್ ಅವರ ಪುಸ್ತಕದಲ್ಲಿ ಪಶ್ಚಿಮದ ಮಾಟಗಾತಿಗೆ ಒಂದೇ ಕಣ್ಣು. ಕೈಯಲ್ಲಿ ಕೊಡೆ ಹಿಡಿದಿರುತ್ತಾಳೆ, ಕತ್ತಲೆಂದರೆ ಹೆದರುತ್ತಾಳೆ. ಹಸಿರು ಮೈ ಅಲ್ಲಿಲ್ಲ. ಹಸಿರು ಬಂದದ್ದು ಟೆಕ್ನಿಕಲರ್ ಕಾಲದ ಸಿನಿಮಾದಿಂದ. ಬಣ್ಣದ ಚಿತ್ರ ದುಬಾರಿಯ ಬಾಬತ್ತು. ದುಡ್ಡು ಕೊಟ್ಟ ಮೇಲೆ ಕಣ್ಣಿಗೆ ರಾಚಬೇಕು ತಾನೆ? ಪುಸ್ತಕದಲ್ಲಿ ಬೆಳ್ಳಿಯದಾಗಿದ್ದ ಪಾದರಕ್ಷೆ ಚಿತ್ರದಲ್ಲಿ ಕೆಂಪು ಮಾಣಿಕ್ಯದ್ದಾದುದೂ ಇದೇ ಕಾರಣಕ್ಕೆ. ಇವತ್ತು ಮಾಟಗಾತಿಯ ಚಿತ್ರ ಬರೆಯಲು ಕೂತ ಮಗು ಹಸಿರು ಬಣ್ಣದ ಕಡ್ಡಿಗೆ ಕೈಹಾಕಿದರೆ ಅದು ಹ್ಯಾಮಿಲ್ಟನ್ ಮುಖದಿಂದ ಇಳಿದು ಬಂದ ಬಣ್ಣ.

ಆ ಬಣ್ಣ ವಿಷವಾಗಿತ್ತಂತೆ, ನಿಜವೇ?

ಅದರಲ್ಲಿ ತಾಮ್ರದ ಅಂಶವಿತ್ತು. ಬಾಯಿಗೆ ಹೋಗಬಾರದು, ಗಾಯಕ್ಕೆ ತಾಗಬಾರದು, ಚರ್ಮದ ಮೇಲೆ ರಾತ್ರಿಯಿಡೀ ಉಳಿಯಬಾರದು. ಹಾಗಾಗಿ ಊಟವೆಂದರೆ ಪ್ರತಿ ತುತ್ತಿಗೂ ಎಚ್ಚರ. ಚಿತ್ರೀಕರಣ ಮುಗಿದು ವಾರಗಳಾದರೂ ಮುಖದ ಹಸಿರು ಛಾಯೆ ಹೋಗಿರಲಿಲ್ಲವಂತೆ. ಅದೇ ಚಿತ್ರದ ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಬಂದಿದ್ದ ಬಡ್ಡಿ ಎಬ್ಸನ್ ಅಲ್ಯೂಮಿನಿಯಂ ಪುಡಿ ಉಸಿರಿಗೆ ಸೇರಿ ಆಸ್ಪತ್ರೆ ಸೇರಿದ್ದರು. ಅವರ ಜಾಗಕ್ಕೆ ಜಾಕ್ ಹೇಲಿ ಬಂದರು.

ಬೆಂಕಿಯ ಅನಾಹುತ ಆದದ್ದು ಹೇಗೆ?

1938ರ ಡಿಸೆಂಬರ್ 23, ಕ್ರಿಸ್‌ಮಸ್‌ಗೆ ಎರಡೇ ದಿನ. ಮಂಚ್‌ಕಿನ್ ಎಂಬ ಕುಳ್ಳರ ಊರಿನಿಂದ ಮಾಟಗಾತಿ ಮಾಯವಾಗುವ ದೃಶ್ಯದ ಚಿತ್ರೀಕರಣ ನಡೆಯುತ್ತಿತ್ತು. ಡೊರೊತಿಗೆ ಬೆದರಿಕೆ ಹಾಕಿ, ಮೇಲಂಗಿ ಬೀಸಿಕೊಂಡು ಹಿಂದೆ ಸರಿದು, ನೆಲದಲ್ಲಿ ಗುರುತು ಮಾಡಿದ ಒಂದು ಜಾಗದಲ್ಲಿ ಅವರು ನಿಲ್ಲಬೇಕು. ಅಡಿಯಲ್ಲೊಂದು ಲಿಫ್ಟ್. ಮೊದಲು ಕೆಂಪು ಹೊಗೆ ಏಳುತ್ತದೆ, ಹೊಗೆಯ ಮರೆಯಲ್ಲಿ ಲಿಫ್ಟ್ ಅವರನ್ನು ನೆಲದ ಕೆಳಕ್ಕೆ ಇಳಿಸುತ್ತದೆ, ಅವರು ಪೂರ್ತಿ ಇಳಿದ ಮೇಲೆಯೇ ಬೆಂಕಿ ಭುಗಿಲೇಳಬೇಕು. ಎಲ್ಲವೂ ಕ್ಷಣಗಳ ಲೆಕ್ಕ.

ಒಮ್ಮೆ ಸರಿಯಾಗಿ ಬಂತು. ಚಿತ್ರದಲ್ಲಿ ನಾವು ನೋಡುವುದು ಅದನ್ನೇ. ಕಣ್ಣಿಟ್ಟು ನೋಡಿದರೆ ಅದರಲ್ಲೂ ಅವರು ಜಾಗಕ್ಕೆ ಮುಟ್ಟುವ ಮೊದಲೇ ಹೊಗೆ ಎದ್ದಿರುವುದು ಗೊತ್ತಾಗುತ್ತದೆ. ಇನ್ನೊಂದು ಇರಲಿ ಎಂದು ಮತ್ತೆ ತೆಗೆಯಲು ಹೋದಾಗ ಬೆಂಕಿ ಬೇಗ ಹೊತ್ತಿಕೊಂಡಿತು, ಲಿಫ್ಟ್ ಇನ್ನೂ ಇಳಿದಿರಲಿಲ್ಲ. ಟೋಪಿಗೂ ಪೊರಕೆಗೂ ಬೆಂಕಿ ಹತ್ತಿತು. ಗದ್ದ, ಮೂಗು, ಬಲಗೆನ್ನೆ, ಹಣೆಯ ಬಲಭಾಗ ಸುಟ್ಟವು. ರೆಪ್ಪೆಗೂದಲು, ಬಲಹುಬ್ಬು ಉರಿದುಹೋದವು. ಬಲಗೈಯ ಸುಟ್ಟಗಾಯ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ನಿಜವಾದ ಚಿತ್ರಹಿಂಸೆ ಆಮೇಲೆ ಶುರುವಾಯಿತು. ಸುಟ್ಟ ಮುಖದ ಮೇಲೆ ಆ ತಾಮ್ರದ ಬಣ್ಣ ಇನ್ನೂ ಇತ್ತು. ಗಾಯದೊಳಗೆ ಇಳಿಯುವ ಮೊದಲು ತೆಗೆಯಲೇಬೇಕು, ತೆಗೆಯಲು ಇದ್ದದ್ದು ಆಲ್ಕೋಹಾಲ್ ಒಂದೇ. ಚರ್ಮ ಕಿತ್ತುಬಂದ ಜಾಗದ ಮೇಲೆ ಆಲ್ಕೋಹಾಲ್ ಹಚ್ಚಿ ತಿಕ್ಕಿದರು. ಅದರ ಬಗ್ಗೆ ಹೆಚ್ಚು ಬರೆಯಲಾರೆ, ಓದುವವರು ಊಹಿಸಿಕೊಳ್ಳಬಹುದು.

ಆರು ವಾರ ಮನೆಯಲ್ಲಿದ್ದು ಚೇತರಿಸಿಕೊಂಡರು. ಮರಳಿ ಬಂದಾಗ ಕೈಯ ನರಗಳು ಇನ್ನೂ ಹಸಿಯಾಗಿದ್ದವು, ಬಣ್ಣ ಹಚ್ಚುವ ಹಾಗಿರಲಿಲ್ಲ. ಅದಕ್ಕೆ ಹಸಿರು ಕೈಗವಸು ತೊಡಿಸಿದರು.

ಸ್ಟುಡಿಯೋ ಮೇಲೆ ಮೊಕದ್ದಮೆ ಏಕೆ ಹೂಡಲಿಲ್ಲ?

ಹೂಡಿದರೆ ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಮುಚ್ಚಿಡದೆ ಹೇಳಿಯೂ ಇದ್ದರು. ಇನ್ನು ಮುಂದೆ ಬೆಂಕಿಯ ಆಟ ತಮ್ಮ ಹತ್ತಿರ ಬೇಡ ಎಂಬ ಒಂದೇ ಷರತ್ತಿನೊಂದಿಗೆ ಮರಳಿದರು. ಇದನ್ನು ಕೆಲವರು ‘ವೃತ್ತಿನಿಷ್ಠೆ’ ಎಂದು ಹೊಗಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಚಿಕ್ಕ ಮಗನಿರುವ ಒಂಟಿ ತಾಯಿ ಕೂಲಿ ಕಳೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಅಷ್ಟೇ.

ಆ ಷರತ್ತು ಅವರನ್ನು ಇನ್ನೊಮ್ಮೆ ಉಳಿಸಿತು. ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯುವ ದೃಶ್ಯಕ್ಕೆಂದು ಹೊಗೆಯುಗುಳುವ ಕೊಳವೆಯೊಂದನ್ನು ಪೊರಕೆಯಂತೆ ಸಿಂಗರಿಸಿ, ಅದರ ಮೇಲೆ ಕೂರಲು ಹೇಳಿದರು. ಏನೂ ಅಪಾಯವಿಲ್ಲ ಎಂದವರೇ ಬೆಂಕಿ ತಗುಲದ ಉಡುಪನ್ನೂ ತಂದಿದ್ದರು. ಅಪಾಯವಿಲ್ಲದಿದ್ದರೆ ಈ ಉಡುಪು ಯಾತಕ್ಕೆ ಎಂದು ಕೇಳಿ ಅವರು ಒಪ್ಪಲಿಲ್ಲ. ಬದಲಿಗೆ ಹತ್ತಿದ ಸಾಹಸ ಕಲಾವಿದೆ ಬೆಟ್ಟಿ ಡ್ಯಾಂಕೊ ಕುಳಿತಿದ್ದಾಗ ಕೊಳವೆ ಸಿಡಿಯಿತು. ಕಾಲಿಗೆ ಗಾಯವಾಗಿ ಡ್ಯಾಂಕೊ ಆಸ್ಪತ್ರೆ ಸೇರಿದರು. ಅವರ ಹೆಸರು ಯಾರಿಗೂ ನೆನಪಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಕರಗುವ ದೃಶ್ಯವನ್ನು ಹೇಗೆ ತೆಗೆದರು?

ಡೊರೊತಿ ಎರಚಿದ ನೀರು ಬಿದ್ದು ಮಾಟಗಾತಿ ಕರಗಿಹೋಗುತ್ತಾಳಲ್ಲ, ಅಲ್ಲೂ ನೆಲದಲ್ಲಿ ಲಿಫ್ಟ್. ಉಡುಪಿನ ಅಂಚನ್ನು ನೆಲಕ್ಕೆ ಬಿಗಿದು, ಸುತ್ತ ಡ್ರೈ ಐಸ್‌ನ ಬಿಳಿ ಹೊಗೆ ಬಿಟ್ಟು ಅವರನ್ನು ಮೆಲ್ಲಗೆ ಕೆಳಗಿಳಿಸಿದರು. ಮೈ ಇಳಿಯಿತು, ಬಟ್ಟೆ ಮೇಲುಳಿಯಿತು. ಉಪಾಯ ಇಷ್ಟು ಸರಳ. ಆದರೆ ದೃಶ್ಯವನ್ನು ದಡ ಮುಟ್ಟಿಸುವುದು ಅವರ ದನಿ. ಚೀರಾಟದಿಂದ ಶುರುವಾಗಿ ಗೊಣಗಾಟವಾಗಿ, ತನ್ನ ಚೆಂದದ ಕೆಟ್ಟತನವನ್ನು ಒಂದು ಸಣ್ಣ ಹುಡುಗಿ ಹಾಳುಮಾಡಿದಳಲ್ಲ ಎಂದು ಬೆರಗಾಗುತ್ತ ಅಡಗುತ್ತದೆ. ಆ ಬೆರಗು ಕೇಳಿ ನನಗೆ ಪ್ರತಿ ಸಲವೂ ಮಾಟಗಾತಿಯ ಮೇಲೆ ಸ್ವಲ್ಪ ಕನಿಕರ ಹುಟ್ಟುತ್ತದೆ.

ಇಡೀ ಚಿತ್ರದಲ್ಲಿ ಅವರು ಇರುವುದು ಎಷ್ಟು ಹೊತ್ತು?

ಮಾಟಗಾತಿಯಾಗಿ ಸುಮಾರು ಹನ್ನೆರಡು ನಿಮಿಷ. ಮಕ್ಕಳು ಅತಿಯಾಗಿ ಹೆದರುತ್ತಾರೆಂದು ಅವರ ಕೆಲವು ಭಾಗಗಳಿಗೆ ಬಿಡುಗಡೆಗೆ ಮೊದಲೇ ಕತ್ತರಿ ಬಿತ್ತು. ಕ್ಯಾನ್ಸಸ್‌ನಲ್ಲಿ ಸೈಕಲ್ ತುಳಿದು ಬಂದು ನಾಯಿಯನ್ನು ಬುಟ್ಟಿಗೆ ಹಾಕಿಕೊಂಡು ಹೋಗುವ ಅಲ್ಮೈರಾ ಗಲ್ಚ್ ಕೂಡ ಅವರೇ. ಬಿರುಗಾಳಿಯಲ್ಲಿ ಸೈಕಲ್ ಪೊರಕೆಯಾಗುವುದನ್ನು ಡೊರೊತಿ ಕಿಟಕಿಯಿಂದ ನೋಡುತ್ತಾಳಲ್ಲ, ಅದೇ.

ಸೆಟ್ಟಿನಲ್ಲಿ ಸಹನಟರೊಂದಿಗೆ ಹೇಗಿದ್ದರು?

ಒಳ್ಳೆಯ ಮಾಟಗಾತಿ ಗ್ಲಿಂಡಾ ಆಗಿದ್ದ ಬಿಲ್ಲಿ ಬರ್ಕ್ ಅವರಿಗೆ ಗುಲಾಬಿ ಮತ್ತು ನೀಲಿ ಬಣ್ಣದ ಅಂದವಾದ ಕೋಣೆ ಕೊಟ್ಟಿದ್ದರು. ಅಲ್ಲಿ ಪೌಡರ್ ಶೀಶೆಗಳೂ ಗುಲಾಬಿ ಮತ್ತು ನೀಲಿ, ಪೆಪ್ಪರ್‌ಮಿಂಟ್ ಕೂಡ ಗುಲಾಬಿ ಮತ್ತು ನೀಲಿ. ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು ಗುಡಾರದಂಥ ಜಾಗ. ಬರ್ಕ್ ಬಾರದ ದಿನ ಹಸಿರು ಮುಖ ಹೊತ್ತು ಆ ಗುಲಾಬಿ ಕೋಣೆಯಲ್ಲಿ ಕೂತು ಊಟ ಮಾಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಡೊರೊತಿಯಾಗಿದ್ದ ಹದಿನಾರರ ಹುಡುಗಿ ಜೂಡಿ ಗಾರ್ಲೆಂಡ್‌ಗೆ ತೆರೆಯ ಮೇಲೆ ಬದ್ಧ ವೈರಿಯಾದರೂ 1939ರಲ್ಲೇ ಬಂದ ‘ಬೇಬ್ಸ್ ಇನ್ ಆರ್ಮ್ಸ್’ನಲ್ಲಿ ಮತ್ತೆ ಜೊತೆಗೆ ನಟಿಸಿದರು.

ಪ್ರತಿವರ್ಷ ಟಿವಿಯಲ್ಲಿ ಬರುತ್ತಿತ್ತಲ್ಲ, ಬಹಳ ಹಣ ಬಂದಿರಬೇಕು?

ಟಿವಿಯಿಂದ ಏನೂ ಬರಲಿಲ್ಲ. ಸಿಬಿಎಸ್ ವಾಹಿನಿ ಮೊದಲ ಬಾರಿ ಚಿತ್ರವನ್ನು ತೋರಿಸಿದ್ದು 1956ರ ನವೆಂಬರ್ 3ರಂದು. 1959ರಿಂದ ಅದು ವರ್ಷಕ್ಕೊಮ್ಮೆ ಬರುವ ಹಬ್ಬದಂತಾಯಿತು. ಮರುಪ್ರಸಾರಕ್ಕೆ ನಟರಿಗೆ ಹಣ ಕೊಡುವ ಒಪ್ಪಂದ ಹಾಲಿವುಡ್‌ನಲ್ಲಿ ಆದದ್ದು 1960ರಲ್ಲಿ, ಹಿಂದಿನ ಚಿತ್ರಗಳಿಗೆ ಅದು ಅನ್ವಯಿಸಲಿಲ್ಲ. ಸಿಕ್ಕಿದ್ದು ಹೊಸ ಹೊಸ ತಲೆಮಾರಿನ ಹೆದರಿದ ಮಕ್ಕಳು.

ಆಮೇಲೆ ಬೇರೇನೂ ಮಾಡಲಿಲ್ಲವೇ?

ಬೇಕಾದಷ್ಟು ಮಾಡಿದರು. 1940ರ ‘ಮೈ ಲಿಟಲ್ ಚಿಕಡೀ’ಯಲ್ಲಿ ನಾಯಕಿ ಮೇ ವೆಸ್ಟ್‌ಳನ್ನು ಊರು ಬಿಡಿಸುವ ಚಾಡಿಕೋರಿ, 1943ರ ‘ದಿ ಆಕ್ಸ್-ಬೋ ಇನ್ಸಿಡೆಂಟ್’ನಲ್ಲಿ ನ್ಯಾಯಾಧೀಶರ ಮನೆಯಾಳು. ನಾಟಕರಂಗದಲ್ಲಿ ‘ಓಕ್ಲಹೋಮ’ದ ಆಂಟ್ ಎಲ್ಲರ್. ಎಪ್ಪತ್ತರ ವಯಸ್ಸಿನಲ್ಲಿ ‘ಎ ಲಿಟಲ್ ನೈಟ್ ಮ್ಯೂಸಿಕ್’ ತಂಡದೊಂದಿಗೆ ಊರೂರು ತಿರುಗಿದರು. ‘ದಿ ಆಡಮ್ಸ್ ಫ್ಯಾಮಿಲಿ’ ಧಾರಾವಾಹಿಯಲ್ಲಿ ಮಾರ್ಟೀಷಿಯಾಳ ತಾಯಿ. ಎಪ್ಪತ್ತರ ದಶಕದ ಅಮೆರಿಕನ್ನರಿಗಂತೂ ಅವರು ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಜಾಹೀರಾತಿನ ಅಂಗಡಿಯಾಕೆ ಕೋರಾ. ನಡುವೆ 1948ರಿಂದ 1951ರವರೆಗೆ ಬೆವರ್ಲಿ ಹಿಲ್ಸ್‌ನ ಶಿಕ್ಷಣ ಮಂಡಳಿಯ ಸದಸ್ಯೆಯೂ ಆಗಿದ್ದರು. ಮೇಷ್ಟ್ರುತನ ಬಿಟ್ಟೆನೆಂದರೂ ಬಿಡುವುದಿಲ್ಲ.

ಮಕ್ಕಳು ತಮ್ಮನ್ನು ಕಂಡು ಹೆದರುವುದು ಅವರಿಗೆ ಬೇಸರ ತರುತ್ತಿತ್ತೇ?

ತರುತ್ತಿತ್ತು. ಡೊರೊತಿಗೆ ಯಾಕೆ ಅಷ್ಟು ಕಾಟ ಕೊಟ್ಟಿರಿ ಎಂದು ಮಕ್ಕಳು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅದು ಬರೀ ನಟನೆ ಕಂದ ಎಂದು ತಿಳಿಹೇಳುವುದನ್ನು ಅವರು ಎಂದೂ ತಪ್ಪಿಸಲಿಲ್ಲ.

1975ರಲ್ಲಿ ಮಕ್ಕಳ ಕಾರ್ಯಕ್ರಮ ‘ಮಿಸ್ಟರ್ ರಾಜರ್ಸ್ ನೇಬರ್‌ಹುಡ್’ಗೆ ಬಂದರು. ಫ್ರೆಡ್ ರಾಜರ್ಸ್ ಜೊತೆ ಸೋಫಾದ ಮೇಲೆ ಕೂತ ನಗುಮುಖದ ಅಜ್ಜಿ. ಮಾಟಗಾತಿಗೆ ತಾನು ಮಾಡುವುದೆಲ್ಲ ಬಲು ಇಷ್ಟ, ಆದರೆ ಪಾಪ, ಅವಳಿಗೆ ಬೇಕಾದದ್ದು ಒಂದೂ ಸಿಗುವುದಿಲ್ಲ ಎಂದು ಅವಳ ಕಡೆಯಿಂದ ಕಥೆ ಹೇಳಿದರು. ಬಳಿಕ ಎದ್ದು ನಿಂತು ಕಪ್ಪು ಉಡುಪನ್ನು ಮಕ್ಕಳ ಕಣ್ಣೆದುರೇ ಒಂದೊಂದಾಗಿ ತೊಟ್ಟರು. ಲಂಗ, ಮೇಲಂಗಿ, ಕೊನೆಗೆ ಚೂಪು ಟೋಪಿ. ಅಷ್ಟಾದ ಮೇಲೆ ಆ ಹಳೆಯ ನಗು ನಕ್ಕು ತೋರಿಸಿದರು. ಹಸಿರು ಬಣ್ಣ ಹಚ್ಚಿಕೊಳ್ಳಲಿಲ್ಲ. ಬಟ್ಟೆಯೊಳಗೆ ಹೋಗುವುದು ಯಾರು ಎಂದು ಮಗು ನೋಡುತ್ತಲೇ ಇರಬೇಕು, ಆಗ ಭಯ ಅರ್ಧ ಇಳಿಯುತ್ತದೆ. ಇದು ನಟಿಯ ಉಪಾಯವಲ್ಲ, ಶಿಶುವಿಹಾರದ ಟೀಚರಿನದ್ದು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಅಭಿನಯ ಇದೇ.

‘ಸೆಸಮಿ ಸ್ಟ್ರೀಟ್’ನ ಆ ಕಂತನ್ನು ಏಕೆ ತಡೆಹಿಡಿದರು?

‘ಸೆಸಮಿ ಸ್ಟ್ರೀಟ್’ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ. 1976ರ ಫೆಬ್ರವರಿಯಲ್ಲಿ ಪ್ರಸಾರವಾದ ಆ ಕಂತಿನಲ್ಲಿ ಅವರು ಪೂರ್ತಿ ಹಸಿರು ಮಾಟಗಾತಿಯಾಗಿಯೇ ಬಂದಿದ್ದರು. ಪೊರಕೆ ಬೀದಿಗೆ ಬಿದ್ದು ಅಲ್ಲಿನ ಡೇವಿಡ್ ಎಂಬಾತನ ಕೈಗೆ ಸಿಗುತ್ತದೆ, ಮರ್ಯಾದೆಯಿಂದ ಕೇಳಿದರಷ್ಟೇ ಕೊಡುತ್ತೇನೆ ಎನ್ನುತ್ತಾನೆ. ಅವಳು ಅಂಗಡಿಯೊಳಗೆ ಮಳೆ ಸುರಿಸುತ್ತಾಳೆ, ಕಾರ್ಯಕ್ರಮದ ದೊಡ್ಡ ಹಳದಿ ಹಕ್ಕಿ ಬಿಗ್ ಬರ್ಡ್‌ನನ್ನು ಧೂಳು ಹೊಡೆಯುವ ಗರಿಗುಚ್ಛ ಮಾಡುತ್ತೇನೆ ಎಂದು ಗದರುತ್ತಾಳೆ. ಮಕ್ಕಳು ಅತ್ತರು, ತಂದೆತಾಯಿಗಳು ಪತ್ರ ಬರೆದರು, ಕಂತು ಮತ್ತೆ ಪ್ರಸಾರವಾಗಲಿಲ್ಲ. 2022ರಲ್ಲಿ ಅದು ಅಂತರ್ಜಾಲಕ್ಕೆ ಸೋರಿತು. ನೋಡಿದರೆ ನಗು ಬರುತ್ತದೆ. ನನಗೀಗ ನಾಲ್ಕು ವರ್ಷವಲ್ಲ ಎಂಬುದು ಬೇರೆ ಮಾತು.

ಪ್ರಶಸ್ತಿಗಳು?

ಆಸ್ಕರ್‌ಗೆ ಒಮ್ಮೆಯೂ ನಾಮನಿರ್ದೇಶನವಾಗಲಿಲ್ಲ. 2003ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಿನಿಮಾ ಖಳರ ಪಟ್ಟಿ ಮಾಡಿದಾಗ ಪಶ್ಚಿಮದ ಮಾಟಗಾತಿಗೆ ನಾಲ್ಕನೆಯ ಸ್ಥಾನ ಸಿಕ್ಕಿತು, ಹೆಣ್ಣು ಪಾತ್ರಗಳಲ್ಲಿ ಮೊದಲನೆಯದು. ಅಷ್ಟರಲ್ಲಿ ಅವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು.

ಅವರನ್ನು ನೋಡಲು ಎಲ್ಲಿಂದ ಶುರು ಮಾಡಬೇಕು?

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ರಾಜರ್ಸ್ ಕಂತು, ಆಮೇಲೆ ಆಜ್. ದೊಡ್ಡವರು ‘ನಥಿಂಗ್ ಸೇಕ್ರೆಡ್’ನ ಅಂಗಡಿಯ ದೃಶ್ಯ ನೋಡಿ. ಬಳಿಕ 1970ರ ‘ಬ್ರೂಸ್ಟರ್ ಮೆಕ್ಲೌಡ್’: ಅದರಲ್ಲಿ ಸತ್ತುಬಿದ್ದ ಅವರ ಪಾತ್ರದ ಕಾಲಲ್ಲಿ ಕೆಂಪು ಪಾದರಕ್ಷೆ ಕಾಣುತ್ತದೆ, ಹಿನ್ನೆಲೆಯಲ್ಲಿ ಡೊರೊತಿಯ ಹಾಡು ತೇಲಿಬರುತ್ತದೆ. ಕೊನೆಗೆ 1960ರ ‘13 ಘೋಸ್ಟ್ಸ್’. ಭೂತಗಳ ಮನೆಯ ಕೆಲಸದಾಕೆಯನ್ನು ಆ ಮನೆಯ ಹುಡುಗ ಚಿತ್ರದುದ್ದಕ್ಕೂ ಮಾಟಗಾತಿ ಎಂದೇ ಕರೆಯುತ್ತಾನೆ. ನೀನು ನಿಜವಾಗಿ ಮಾಟಗಾತಿಯೇ ಎಂದು ಕೊನೆಯಲ್ಲಿ ಕೇಳಿದಾಗ ಅವರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಪೊರಕೆಯನ್ನು ಕೈಗೆತ್ತಿಕೊಂಡು ಕ್ಯಾಮೆರಾದ ಕಡೆ ತಿರುಗಿ ನಗುತ್ತಾರೆ.